ಹಸಿರು ದೀಪದ ಬೆನ್ನು

ದೇವರ ಮುಂದಿನ ನಂದಾದೀಪವನ್ನು ಬಿಟ್ಟರೆ ನಾನು ಅತ್ಯಂತ ಭಕ್ತಿಯಿಂದ ದರ್ಶನ ಮಾಡುವುದು ಇನ್ವರ್ಟರಿನ ಮೂಲೆಯಲ್ಲಿ ಎಳ್ಳುಕಾಳಿನಷ್ಟಗಲ ಬೆಳಗುವ ಹಸಿರು ದೀಪವನ್ನು. ನೀರಿನ ಫಿಲ್ಟರಿಗೊಂದು, ಮೋಟರಿನ ಸ್ಟಾರ್ಟರಿಗೊಂದು, ಫೋನಿನ ಚಾರ್ಜರಿಗೊಂದು ಹೀಗೆ ಮನೆ ತುಂಬ ಈ ಅಭಯಹಸ್ತಗಳಿವೆ. ಅವು ಏನನ್ನು ಕಾಯುತ್ತಿವೆಯೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಆದರೂ ಮನೆ ಬಿಡುವ ಮುನ್ನ ಒಂದು ಸುತ್ತು ಹಾಕಿ, ಎಲ್ಲ ಹಸಿರಾಗಿದೆಯೆಂದು ಕಂಡ ಮೇಲೆಯೇ ಚಪ್ಪಲಿ ಮೆಟ್ಟುತ್ತೇನೆ.

ನಾನು ಹುಟ್ಟಾ ಪುಕ್ಕಲ. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಹಿಂತಿರುಗಿ ಜಗ್ಗಿ ನೋಡುವ ಜಾತಿಯವನು. ಇಂಥವನನ್ನು ವಿಧಿ ದೋಣಿಯ ಕೆಲಸಕ್ಕೆ ಹಚ್ಚಿತು. ನನ್ನೂರು ಮಂಗಳೂರು ಎಂದರೆ ಕೇಳಿದವರು ಕಡಲನ್ನು ನೆನೆದು, ಹಾಗಾದರೆ ಸರಿ ಎಂದು ತಲೆಯಾಡಿಸುತ್ತಾರೆ. ನಮ್ಮದು ಯಲಬುರ್ಗಾ ಕಡೆಯ ಮಂಗಳೂರು, ಎರೆಹೊಲದ ಊರು. ಅಲ್ಲಿ ಕಾಗದದ ದೋಣಿ ತೇಲಿಸುವುದಕ್ಕೂ ಮಳೆಗಾಲದವರೆಗೆ ಕಾಯಬೇಕು. ವಾರವೆಲ್ಲ ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲೊಂದು ಬಾಡಿಗೆ ಕೋಣೆ, ಶನಿವಾರ ಎರಡು ಬಸ್ಸು ಬದಲಿಸಿ ಊರು. ಅಲ್ಲಿನ ಜಲಾಶಯದ ಕಚೇರಿಗೊಂದು ಹಳೆಯ ಇಂಜಿನ್ ದೋಣಿ, ಲಾಂಚು. ಅದರ ಸಾಮಾನಿನ ಉಸ್ತುವಾರಿ ನನ್ನದು.

ಆ ಲಾಂಚಿಗೆ ಗಾಜಿನ ಕಿಟಕಿಗಳ ಪುಟ್ಟ ಕೋಣೆಯೊಂದಿದೆ. ಗಾಳಿ ಹಿಂದಿನಿಂದ ಬೀಸಿದರೆ ಡೀಸೆಲ್ ಇಂಜಿನ್ನು ಉಗುಳಿದ್ದೆಲ್ಲ ಆ ಕೋಣೆಗೇ ಮರಳುತ್ತದೆ. ಹೊಗೆಯಾದರೆ ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ ಮಾಡಿ, ನಿದ್ದೆ ಬರಿಸಿ, ನಿದ್ದೆಯಲ್ಲೇ ಮುಗಿಸಿಬಿಡುತ್ತದೆ. ಅದನ್ನು ಮೂಸಿ ಕೂಗುವುದಕ್ಕೆಂದೇ ಗೋಡೆಗೆ ಅಂಗೈಯಗಲದ ಬಿಳಿ ಡಬ್ಬಿಯನ್ನು ಬಡಿದಿದ್ದರು. ಸೋಮವಾರಕ್ಕೊಮ್ಮೆ ಅದರ ಗುಂಡಿ ಒತ್ತುವುದು, ಅದು ಕಿವಿ ಹರಿಯುವಂತೆ ಕಿರುಚಿದರೆ ಪುಸ್ತಕದಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆಯುವುದು ನನ್ನ ಕೆಲಸ. ಇಡೀ ಕಚೇರಿಯಲ್ಲಿ ನನ್ನಷ್ಟೇ ಗಾಬರಿಯ ಸ್ವಭಾವದ್ದು ಅದೊಂದೇ ಆದ್ದರಿಂದ ನಮ್ಮಿಬ್ಬರಿಗೂ ಒಳ್ಳೆಯ ಹೊಂದಾಣಿಕೆಯಿತ್ತು.

ಈಚೆಗೆ ಅದನ್ನು ಬದಲಿಸಬೇಕೆಂದು ಕಡತ ಹೇಳಿತು, ಬದಲಿಸಿದೆ. ಏಕೆಂದು ಕಡತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಹೊಸ ಬ್ಯಾಟರಿ ಹಾಕಿ ನೋಡಿದರೆ ಹಸಿರು ದೀಪ ಹೊತ್ತಿತು. ಗುಂಡಿ ಒತ್ತಿದರೆ ಎಂದಿನಂತೆ ಕಿರುಚಿತು. ಮೇಲಿನವರನ್ನು ಕೇಳಿ ಅದನ್ನು ಚೀಲಕ್ಕೆ ಹಾಕಿಕೊಂಡೆ. ಊರಲ್ಲಿ ಅದಕ್ಕೆ ಕೆಲಸ ಕಾದಿತ್ತು.

ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂಸು ಹೆತ್ತಿದ್ದಳು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದ್ದರಿಂದ ಬಾಣಂತನದ ಯಜಮಾನಿಕೆ ನಮ್ಮವ್ವನದು. ನಮ್ಮ ಕಡೆಯ ಬಾಣಂತನವೆಂದರೆ ಗೊತ್ತಲ್ಲ: ತಲೆಗೆ ಬಿಗಿದ ಬಟ್ಟೆ, ಮುಚ್ಚಿದ ಕಿಟಕಿ, ಲೋಬಾನದ ಹೊಗೆ, ಬಾಣಂತಿ ಮಲಗುವ ಹೊರಸಿನ ಕೆಳಗೆ ನಿಗಿನಿಗಿ ಕೆಂಡದ ಅಗ್ಗಿಷ್ಟಿಕೆ. ಕೆಂಡವೂ ಅದೇ ವಿಷಗಾಳಿಯನ್ನು ಬಿಡುತ್ತದೆಂದು, ಅದನ್ನು ಕಂಡಾಗಲೆಲ್ಲ ನನಗೆ ಲಾಂಚಿನ ಕೋಣೆ ನೆನಪಾಗುತ್ತಿತ್ತು. ಕೆಂಡ ಬೇಡವೆಂದರೆ ಅವ್ವ ಕೇಳುವವಳಲ್ಲ. ಆದ್ದರಿಂದ ಡಬ್ಬಿಯನ್ನು ಹೊರಸಿನ ಪಕ್ಕದ ಗೂಟಕ್ಕೆ ತೂಗುಹಾಕಿ, ಗುಂಡಿ ಒತ್ತಿ ಒಮ್ಮೆ ಕಿರುಚಿಸಿ ತೋರಿಸಿ, “ಇನ್ನ ಚಿಂತಿಲ್ಲವ್ವಾ, ಇದು ಕಾಯ್ತೈತಿ” ಎಂದೆ. ಜನ್ಮದಲ್ಲಿ ಮೊದಲ ಬಾರಿಗೆ ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆ ಮಗಳಿಗೆ ಫೋನು. “ಆರಾಮ ಅದಿಯೇನವ್ವಾ?” “ಆರಾಮ ಅದೀನಪ್ಪಾ.” ದೀಪ ಹಸಿರು, ಮಗಳು ಆರಾಮ, ನಾನು ಮನಸ್ಸಿನ ಪುಸ್ತಕದಲ್ಲಿ ಸುಸ್ಥಿತಿ ಬರೆದು ಚಹಾ ಕುಡಿಯುತ್ತಿದ್ದೆ. ನಡುವಿನ ಶನಿವಾರ ಕೆಲಸ ಬಿದ್ದು ಊರಿಗೆ ಹೋಗಲಾಗಲಿಲ್ಲ.

ಎರಡನೆಯ ಸೋಮವಾರ ಹಿನ್ನೀರಿನ ನಡುವೆ ಹೊಸ ಡಬ್ಬಿಯ ಗುಂಡಿ ಒತ್ತುತ್ತ, ಲಾಂಚು ನಡೆಸುವ ಹುಸೇನಸಾಬರ ಮುಂದೆ ಹಳೆಯದರ ಪುನರ್ಜನ್ಮದ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಇಂಜಿನ್ನನ್ನೇ ನಿಲ್ಲಿಸಿಬಿಟ್ಟರು.

“ಸರ, ಗುಂಡಿ ಒತ್ತಿದ್ರ ಅದರ ಗಂಟಲಾ ಅಷ್ಟ ಗೊತ್ತಾಗತೈತ್ರಿ, ಮೂಗು ಗೊತ್ತಾಗಂಗಿಲ್ಲ. ಮೂಗಿಗೆ ಇಂತಿಷ್ಟು ವರ್ಷ ಅಂತ ಆಯುಷ್ಯ ಇರತೈತಿ. ಬೆನ್ನಿಗೆ ತಾರೀಖು ಬರದಿರತಾರ, ನೋಡಿಲ್ಲೇನ್ರಿ?”

ನೋಡಿರಲಿಲ್ಲ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವನ್ನು ಕೂಡ ಬೆನ್ನು ಓದದೆ ಕೊಳ್ಳದ ನಾನು, ಜೀವ ಕಾಯುವ ಡಬ್ಬಿಯನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆನ್ನುತ್ತಾರೆ. ನಮ್ಮ ಬೇಲಿ ಎಂದೋ ಸತ್ತು ಹಸಿರಾಗಿ ನಿಂತಿತ್ತು. ಹುಸೇನಸಾಬರೇ ನನ್ನ ಫೋನು ತೆಗೆದುಕೊಂಡು ಮನೆಗೆ ಹಚ್ಚಿಕೊಟ್ಟರು. ಅವ್ವ ಎತ್ತಿದಳು.

“ರೇಣುಕಾ ಎಲ್ಲೆದಾಳ?”

“ಮಲಗ್ಯಾಳ. ಮುಂಜಾನಿಂದ ಒಂದ ಸವನ ನಿದ್ದಿ. ಕೂಸೂ ಮಲಗೈತಿ.”

“ಎಬ್ಬಸವ್ವಾ! ಕೆಂಡ ಹೊರಗ ಹಾಕು. ಬೆಳಕಿಂಡಿ ತೆರದೈತಿಲ್ಲ?”

ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ನೆತ್ತಿಯ ಮೇಲೊಂದು ಬೆಳಕಿಂಡಿ ಇರುತ್ತದೆ, ಕೋಣೆಯ ಬಿಸಿಯೆಲ್ಲ ಅದರಿಂದಲೇ ಹೊರಗೆ. ಅದೊಂದು ತೆರೆದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದೆ.

“ಮುಚ್ಚಿಸೀನಿ,” ಎಂದಳು ಅವ್ವ. “ಇಷ್ಟು ಬಾಣಂತನಾ ಮಾಡೀನಿ, ಒಂದಿನಾ ಬೆಳಕಿಂಡಿ ಮುಚ್ಚಿದಾಕಿ ಅಲ್ಲ. ಕೆಂಡ ಇಟ್ಟಲ್ಲಿ ಅದು ತೆರದಿರಬೇಕು ಅಂತ ನಮ್ಮವ್ವ ಹೇಳತಿದ್ಲು. ನೀನ ಡಬ್ಬಿ ಕಾಯ್ತೈತಿ ಅಂದಿ. ಹಂಗಾರ ಥಂಡಿ ಗಾಳಿ ಯಾಕ ಅಂತ ಅದರ ಮ್ಯಾಲ ಕಲ್ಲು ಎಳಸೀನಿ.”

ನಾನು ಏನು ಕಿರುಚಿದೆನೋ ನೆನಪಿಲ್ಲ. ಅವ್ವ ಫೋನನ್ನು ಅಲ್ಲೇ ಬಿಟ್ಟು ಓಡಿದಳು. ಗೋಡೆಯ ಗಡಿಯಾರದ ಟಿಕ್ ಟಿಕ್ ನನ್ನ ಕಿವಿಯಲ್ಲಿ, ಸುತ್ತ ಅಲುಗದ ನೀರು. ಮಗಳೇ, ಏಳು ತಾಯಿ, ಎಂದು ಗಟ್ಟಿಯಾಗಿ ಅನ್ನುತ್ತಿದ್ದೆ; ಹುಸೇನಸಾಬರು ನನ್ನ ಭುಜ ಹಿಡಿದು ಕೂಡಿಸಿದರು. ಬಾಗಿಲು ಬಡಿದ ಸದ್ದು, ಅವ್ವ ಹೆಸರು ಹಿಡಿದು ಕೂಗಿದ್ದು, ಮತ್ತೆ ಕೂಗಿದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಕೂಸು ಅತ್ತಿತು. ನಮ್ಮ ಮನೆಯಲ್ಲಿ ಆ ದಿನ ನಿಜವಾಗಿ ಕೆಲಸ ಮಾಡಿದ ಅಲಾರಂ ಅದೊಂದೇ. ಅದರ ಹಿಂದೆಯೇ ಮಗಳ ತೊದಲು ದನಿ ಕೇಳಿಸಿತು, ನಾನು ಲಾಂಚಿನ ಹಲಗೆಯ ಮೇಲೆ ಕೂತು ಮಕ್ಕಳಂತೆ ಅತ್ತುಬಿಟ್ಟೆ.

ನೆರೆಯವರು ತಾಯಿ ಮಗುವನ್ನು ಆಸ್ಪತ್ರೆಗೆ ಒಯ್ದರು. ನಾನು ಎರಡು ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಆಕ್ಸಿಜನ್ ಕೊಟ್ಟು, ಇಬ್ಬರಿಗೂ ಅಪಾಯವಿಲ್ಲವೆಂದಿದ್ದರು. ಎರಡು ದಿನದಿಂದ ತಲೆ ಸಿಡಿಯುತ್ತಿತ್ತೆಂದು ಮಗಳು ಡಾಕ್ಟರಿಗೆ ಹೇಳಿದ್ದಳಂತೆ. ನನಗೆ ಮಾತ್ರ ಆ ಎರಡು ದಿನವೂ ಆರಾಮ ಎಂದಿದ್ದಳು. ಏಕೆಂದು ಕೇಳಿದರೆ, “ಇಲ್ಲ ಅಂದ್ರ ನೀ ಹೆದರತಿ ಅಂತ, ಅಪ್ಪಾ” ಎಂದು ಮುಖ ತಿರುಗಿಸಿದಳು.

ಆ ಮಾತು ನನ್ನನ್ನು ಕೆಂಡಕ್ಕಿಂತ ಹೆಚ್ಚು ಸುಟ್ಟಿತು. ಗಾಬರಿಯೆಂಬುದು ಮನೆಮಂದಿಗೆ ನಾನು ಸಲ್ಲಿಸುತ್ತಿರುವ ಕಾವಲು ಸೇವೆಯೆಂದು ಇಷ್ಟು ಕಾಲ ತಿಳಿದಿದ್ದೆ. ನಿಜವಾಗಿ ಅವರೇ ನನ್ನ ಗಾಬರಿಯನ್ನು ಕಾಯುತ್ತಿದ್ದರು. ನಾನು ಗುಂಡಿ ಒತ್ತಿದಾಗಲೆಲ್ಲ ಆರಾಮ ಎಂದು ಕೂಗಿ ನನ್ನನ್ನು ಸಮಾಧಾನಪಡಿಸುತ್ತಿದ್ದರು. ನಾನು ಗಂಟಲನ್ನಷ್ಟೇ ಪರೀಕ್ಷಿಸಿ ಫೋನು ಇಡುತ್ತಿದ್ದೆ.

ಈಗ ಬಾಣಂತಿ ಕೋಣೆಯಲ್ಲಿ ಕೆಂಡವಿಲ್ಲ, ಬಿಸಿನೀರಿನ ಚೀಲವಿದೆ. ಬೆಳಕಿಂಡಿಯ ಕಲ್ಲು ಸರಿದಿದೆ. ಅಡುಗೆಮನೆಯ ಒಲೆಯ ಕಡೆಗೆಂದು ಹೊಸ ಡಬ್ಬಿ ತಂದಾಗ, ಓದು ಬಾರದ ಅವ್ವ ದೀಪವನ್ನು ನೋಡಲೇ ಇಲ್ಲ. “ಹೊಳ್ಳಿಸು,” ಎಂದಳು, “ಬೆನ್ನಾಗಿಂದು ಓದಿ ಹೇಳು.” ಓದಿ ಹೇಳಿದೆ. ಹಾಗಿದ್ದೂ ಬೆಳಕಿಂಡಿ ಮುಚ್ಚಲು ಒಪ್ಪಲಿಲ್ಲ.

ಹಸಿರು ದೀಪಗಳ ಪ್ರದಕ್ಷಿಣೆಯನ್ನು ನಾನಿನ್ನೂ ಬಿಟ್ಟಿಲ್ಲ, ಹುಟ್ಟುಗುಣ. ಫೋನಿನಲ್ಲಿ ಮಾತ್ರ ಆರಾಮೇನು ಎಂದು ಕೇಳುವುದಿಲ್ಲ. ತಲೆ ಹೇಗಿದೆ, ನಿನ್ನೆ ಎಷ್ಟು ಹೊತ್ತು ಮಲಗಿದೆ ಎಂದು ಕೇಳಿ, ಏನು ಹೇಳಿದರೂ ಹೆದರದಂತೆ ನಟಿಸುತ್ತ ಕಾಯುತ್ತೇನೆ. ಮೊನ್ನೆ ಮಗಳೇ ತಿರುಗಿ ಕೇಳಿದಳು, “ನೀ ಹ್ಯಾಂಗದಿ ಅಪ್ಪಾ?” ಆರಾಮ ಎಂದೆ. ಅವಳು ಬಿಡಲಿಲ್ಲ.

“ಬಿಪಿ ಗುಳಿಗಿ ತಗೊಂಡಿ?”

“ನಾಕು ದಿನಾತವ್ವಾ, ತೀರ್ಯಾವ,” ಎಂದೆ.