ನಿಮ್ಮಪ್ಪ ಬರ್ಲಿ, ತಾಳು

ಇವತ್ತು ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆನಷ್ಟೆ, ತಮ್ಮನ ಫೋನು ಬಂತು. "ಅಕ್ಕಾ, ನಿಮ್ಮಪ್ಪ ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಳ್ತಾ ಇಲ್ಲ ಕಣೇ. ಆಪರೇಷನ್ ಆಗಿರೋದು ಅವರಿಗೋ ನನಗೋ? ನೀನೇ ಸ್ವಲ್ಪ ಬೈದು ಹೇಳು." ನನಗೆ ನಗು ತಡೆಯಲಾಗಲಿಲ್ಲ. ನೀವೇ ಹೇಳಿ, ಒಡಹುಟ್ಟಿದವನು ಅಕ್ಕನಿಗೆ "ನಿಮ್ಮಪ್ಪ" ಅನ್ನುವುದುಂಟೇ? ನಮ್ಮ ಮನೆಯಲ್ಲಿ ಉಂಟು. ಅದನ್ನು ಶುರು ಮಾಡಿದವಳೂ ನಾನೇ.

ಆಗ ನನಗೆ ಹದಿನೈದು, ಅವನಿಗೆ ಎಂಟು. ಬೋಗಾದಿಯ ನಮ್ಮ ಬಾಡಿಗೆ ಮನೆಯ ಸುತ್ತ ಹೊಸ ಮನೆಗಳು ಏಳುತ್ತಿದ್ದ ಕಾಲ. ಬೀದಿಗೆ ಸುರಿದಿದ್ದ ಜಲ್ಲಿಯ ಮೇಲೆ ಜಾರಿ ಬಿದ್ದು ಅಮ್ಮ ತೊಡೆಯ ಮೂಳೆ ಮುರಿದುಕೊಂಡಳು. ಅಪ್ಪನಿಗೆ ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ. ಬಾಗಿಲು ಹಾಕಿ ಕೂರುವಂತಿರಲಿಲ್ಲ. ಹೀಗಾಗಿ ಸೌಟು ನನ್ನ ಕೈಗೆ ಬಂತು, ಖೋಖೋ ಕೈತಪ್ಪಿತು. ಶಾಲೆಯ ತಂಡದಲ್ಲಿ ಕಂಬ ಸುತ್ತುವುದರಲ್ಲಿ ನಾನು ಎತ್ತಿದ ಕೈ ಎಂದು ಈಗಲೂ ಕೊಚ್ಚಿಕೊಳ್ಳುತ್ತೇನೆ. ಆಗ ನೋಡಿದವರು ಯಾರೂ ಹತ್ತಿರದಲ್ಲಿಲ್ಲ ಅನ್ನುವ ಧೈರ್ಯ.

ಅಮ್ಮ ನಡುಮನೆಯ ಮಂಚದಲ್ಲಿ ಮಲಗಿಕೊಂಡೇ ಕಿವಿಯಿಂದ ಅಡುಗೆ ಮಾಡಿಸುತ್ತಿದ್ದಳು. "ಸಾಸಿವೆ ಇನ್ನೂ ಸಿಡಿದೇ ಇಲ್ಲ ಕಣೇ, ಆಗ್ಲೇ ಕರಿಬೇವು ಹಾಕ್ಬುಟ್ಯಾ?" ಹೇಗೋ ಸಾರು ಒಂದು ಹದಕ್ಕೆ ಬಂತು. ಆದರೆ ಸಾರಿನ ಜೊತೆಗೆ ಅಮ್ಮನ ಬೈಗುಳವೂ ನಾಲಿಗೆಗೆ ಹತ್ತುತ್ತಿದೆ ಎಂದು ನನಗೇ ತಿಳಿಯಲಿಲ್ಲ.

ಒಂದು ಸಂಜೆ ತಮ್ಮ ಮರಳ ಗುಡ್ಡೆಯಲ್ಲಿ ಹೊರಳಾಡಿ ಬಂದವನು, ನಾನು ಒಗೆದು ಹರವಿದ್ದ ಯೂನಿಫಾರ್ಮಿಗೆ ಕೈ ಒರೆಸಿದ. ಸೊಂಟದ ಮೇಲೆ ಕೈಯಿಟ್ಟು ಅಬ್ಬರಿಸಿದೆ: "ತಾಳು, ನಿಮ್ಮಪ್ಪ ಬರ್ಲಿ, ಹೇಳ್ತೀನಿ!"

ಅವನು ಬಾಯಿ ಬಿಟ್ಟುಕೊಂಡು ನಿಂತ. "ಯಾಕಕ್ಕಾ, ನಿಂಗೆ ಅಪ್ಪ ಅಲ್ವಾ ಅವ್ರು?"

ಮಂಚದ ಮೇಲೆ ಅಮ್ಮ, ಅಯ್ಯೋ ಕಾಲು ಅನ್ನುತ್ತಲೇ ಬಿದ್ದು ಬಿದ್ದು ನಕ್ಕಳು. ನಾನೂ ನಗಬೇಕಿತ್ತು, ಅಳು ಬಂತು. ಇನ್ನು ನಾನು ಈ ಮನೆಯ ಮಗಳಲ್ಲವೇನೋ, ನನ್ನ ಆಟವೆಲ್ಲ ಮುಗಿಯಿತೇನೋ ಎಂದು ನಿಜವಾಗಿಯೂ ಹೆದರಿದೆ. ತಿರುಗಿದರೆ ಬಾಗಿಲಲ್ಲಿ ಅಪ್ಪ, ಗ್ರೀಸು ಮೆತ್ತಿದ ಕೈಯಲ್ಲಿ. ಎಲ್ಲ ಕೇಳಿಸಿಕೊಂಡಿದ್ದರು.

ಮರುದಿನ ಬೆಳಕಿರುವಾಗಲೇ ಅಂಗಡಿ ಮುಚ್ಚಿ ಬಂದರು. ನನ್ನ ಕೈಯಿಂದ ಸೌಟು ಕಿತ್ತುಕೊಂಡು, "ಇವತ್ತು ನಿಮ್ಮಪ್ಪ ಮಾಡ್ತಾನೆ ಅಡುಗೆ. ನೀನು ಆಡ್ಕೋ ಹೋಗಮ್ಮ," ಅಂದರು. ಆ ಸಾರು ಗ್ರೀಸು ನಾರುತ್ತಿತ್ತು ಎಂದು ತಮ್ಮ ಇಂದಿಗೂ ಆಣೆ ಇಡುತ್ತಾನೆ. ನಾನು ಮೈದಾನದಿಂದ ಮಂಡಿ ತರಚಿಕೊಂಡು ಬಂದು, ಎರಡನೇ ಸಲ ಬಡಿಸಿಕೊಂಡು ಉಂಡೆ. ಅಮ್ಮ ಎದ್ದು ಓಡಾಡುವವರೆಗೂ ಆಗಾಗ ಸಂಜೆ ಸೌಟು ಅಪ್ಪನ ಪಾಲು, ಮೈದಾನ ನನ್ನ ಪಾಲು ಆಯಿತು. "ನಿಮ್ಮಪ್ಪ" ಮಾತ್ರ ತಮಾಷೆಯಾಗಿ ಮನೆಯಲ್ಲೇ ಉಳಿದುಕೊಂಡಿತು.

ಈಗ ಅಮ್ಮ ಇಲವಾಲದ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ. ಅಪ್ಪನ ಕಣ್ಣಿನ ಉಸ್ತುವಾರಿ ತಮ್ಮನ ತಲೆಗೆ ಬಿದ್ದಿದೆ. ನಗು ನಿಂತ ಮೇಲೆ ಅವನ ದನಿಯ ಸುಸ್ತು ನನಗೆ ಕೇಳಿಸಿತು. ಇದು ತಮಾಷೆಯ "ನಿಮ್ಮಪ್ಪ" ಆಗಿರಲಿಲ್ಲ; ಅಂದು ನನ್ನ ಬಾಯಿಂದ ಬಂದದ್ದೇ.

"ಶಟಲ್ ಆಡಕ್ಕೆ ಹೋಗ್ತಿದ್ದೀಯೇನೋ?" ಎಂದೆ.

"ಎಲ್ಲಕ್ಕಾ, ಇವರನ್ನ ಬಿಟ್ಟು?"

ಕಾಫಿಯನ್ನು ಗಟಗಟನೆ ಮುಗಿಸಿ ಸ್ಕೂಟರಿನ ಕೀ ಹುಡುಕತೊಡಗಿದೆ.

"ನಮ್ಮಪ್ಪನ್ನ ನಾನು ನೋಡ್ಕೋತೀನಿ ಬುಡು. ನೀನು ಆಡ್ಕೋ ಹೋಗಪ್ಪ."