ಕಾಕಾನ ನಳಿಗೆ

ದಾನಪ್ಪನವರ ಜೊತೆ ನಾನು ಹದಿನಾಲ್ಕು ವರ್ಷ ಬೇಟೆಗೆ ಹೋಗಿದ್ದೇನೆ ಎಂದರೆ ನಮ್ಮವರು ಯಾರೂ ನಂಬುವುದಿಲ್ಲ. ನಾನು ಮೈಸೂರಿನ ಅಯ್ಯಂಗಾರಿ, ಆಫೀಸಿನಲ್ಲಿ ಕೇಕ್ ಕೊಟ್ಟರೆ ಮೊಟ್ಟೆ ಹಾಕಿದ್ದೀರಾ ಎಂದು ಕೇಳಿ ಎಲ್ಲರ ಖುಷಿ ಕೆಡಿಸುವವನು. ಬೇಟೆಗೆ ಹೊರಟಾಗ ನನ್ನ ಕೈಯಲ್ಲಿರುತ್ತಿದ್ದುದು ಮೊಸರನ್ನದ ಡಬ್ಬಿ. ಜಿಂಕೆಗೆ ಉಪ್ಪಿನಕಾಯಿ ಬಡಿಸಿ ಬರುತ್ತೀರಾ ಎಂದು ನನ್ನ ಹೆಂಡತಿ ವಿನೋದಾ ಪ್ರತಿ ವರ್ಷವೂ ಕೇಳುತ್ತಿದ್ದಳು. ನನಗೆ ಬೆಟ್ಟ ಹತ್ತುವ ಚಪಲ, ಅವರಿಗೆ ಜೊತೆ ಬೇಕಿತ್ತು, ಅಷ್ಟೇ.

ನಮ್ಮ ಪರಿಚಯವಾದದ್ದು 1967ರಲ್ಲಿ, ಲಾಸ್ ಏಂಜಲೀಸಿನ ಪಕ್ಕದ ಕಲ್ವರ್ ಸಿಟಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ. ಸುರಪುರದ ಹತ್ತಿರದ ಹಳ್ಳಿಯ ಬೇಡರ ಮನೆತನ ಅವರದು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಹತ್ತು ವರ್ಷ ಲೇತಿನ ಮುಂದೆ ನಿಂತು, ಆಮೇಲೆ ಇಲ್ಲಿಗೆ ಬಂದವರು. ಲೋಹದ ಮೇಲೆ ಹೆಬ್ಬೆರಳು ಆಡಿಸಿ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು, ಅಳತೆ ಹಿಡಿದು ನೋಡಿದರೆ ಅಷ್ಟೇ ಇರುತ್ತಿತ್ತು. ನಾನು 1970ರಲ್ಲಿ ಟೊರ್ರಿ ಪೈನ್ಸ್‌ನ ಲ್ಯಾಬಿಗೆ ಸೇರಿ ಸ್ಯಾನ್ ಡಿಯೇಗೊಗೆ ಬಂದ ಮೇಲೆ ಸ್ನೇಹ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೇಟೆಯ ಬೆಟ್ಟಗಳು ನಮ್ಮ ಊರಿನ ಪೂರ್ವಕ್ಕೇ ಇದ್ದವಲ್ಲ. ಅಕ್ಟೋಬರ್ ಕೊನೆಗೆ ಶುಕ್ರವಾರ ಸಂಜೆ ಅವರು ಡ್ರೈವ್ ಮಾಡಿಕೊಂಡು ಬಂದು ನಮ್ಮಲ್ಲೇ ಮಲಗುತ್ತಿದ್ದರು.

ಅವರ ಬೇಟೆಯೂ ವಿಚಿತ್ರ. ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಬೇಟೆಗಾರ ಕಣ್ಣು ಮುಚ್ಚಿದರೆ ಜಿಂಕೆ ತಾನಾಗಿ ಬಂದು ಮಡಿಲಲ್ಲಿ ಬೀಳುತ್ತದೆಯೇ? ಮೊದಲ ಏಳು ವರ್ಷದಲ್ಲಿ ಹೊಡೆದದ್ದು ಎರಡು. ಮಧ್ಯಾಹ್ನ ಟವೆಲ್ ಹಾಸಿ ಹೆಂಡತಿ ಮಲ್ಲವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ ಬಿಚ್ಚುತ್ತಿದ್ದರು. ಆಗೆಲ್ಲ ಇಲ್ಲಿ ಜೋಳ ಸಿಗುತ್ತಿದ್ದುದು ಕೋಳಿ ಕಾಳಿನ ಅಂಗಡಿಯಲ್ಲಿ ಮಾತ್ರ, ಮಲ್ಲವ್ವ ಅದನ್ನೇ ಆರಿಸಿ ತೊಳೆದು ಬೀಸುತ್ತಿದ್ದರು. ರೊಟ್ಟಿಯನ್ನು ಮೂರು ಕಡೆ ಇಡುತ್ತಿದ್ದರು. ಒಂದು ನನಗೆ, ಒಂದು ಅವರಿಗೆ. ಮೂರನೆಯದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೊರಡುವಾಗ ಅದನ್ನು ಒಂದು ಬಂಡೆಯ ಮೇಲಿಟ್ಟು ಬರುತ್ತಿದ್ದರು. ಕಾಗೆಗಿರಬೇಕು ಎಂದುಕೊಂಡಿದ್ದೆ.

1974ರಲ್ಲಿ ಅವರಿಗೆ ಒಂದು ಗೊಂದಲ ಹತ್ತಿತು. ಅವರದು ನಳಿಗೆ ಬಿಚ್ಚಿ ಬೇರೆಯದನ್ನು ಹಾಕಬಹುದಾದ ಜರ್ಮನ್ ರೈಫಲ್. ಜಿಂಕೆಗಾದರೆ ಅದರ ದಪ್ಪ ಗುಂಡು ಸರಿ, ಮೊಲಕ್ಕೆ ಹೆಚ್ಚಾಯಿತು. ಸಣ್ಣ ಗುಂಡಿನ ಇನ್ನೊಂದು ರೈಫಲನ್ನೇ ಕೊಳ್ಳುವುದೋ, ಇದೇ ರೈಫಲ್ಲಿಗೆ ಹೊಂದುವ ಸಣ್ಣ ನಳಿಗೆಯನ್ನಷ್ಟೇ ತರುವುದೋ? ನಾನು ಎಂಜಿನಿಯರನ ಹಾಗೆ ವಾದಿಸಿದೆ. ನಳಿಗೆ ಬದಲಿಸಿದಾಗಲೆಲ್ಲ ಗುರಿಯನ್ನು ಹೊಸದಾಗಿ ಕೂರಿಸಬೇಕು, ಬೆಟ್ಟದ ಮೇಲೆ ಕೂತು ತಿರುಪು ಬಿಗಿಯುವಷ್ಟರಲ್ಲಿ ಮೊಲ ಮೊಮ್ಮಕ್ಕಳನ್ನು ಕಂಡಿರುತ್ತದೆ ಎಂದೆ. ನಿಜ ಹೇಳುತ್ತೇನೆ, ನನ್ನ ವಾದದೊಳಗೆ ಸ್ವಾರ್ಥವಿತ್ತು. ಎರಡನೆಯ ರೈಫಲ್ ಬಂದರೆ ಅದನ್ನು ನಾನು ಹಿಡಿದು ನಡೆಯಬಹುದಿತ್ತು. ಹೊಡೆಯಲು ಅಲ್ಲ, ಹಿಡಿಯಲು. ಮೊಸರನ್ನ ತಿನ್ನುವವನಿಗೂ ಚಪಲ ಇರುತ್ತದೆ.

ಅವರು ಹೇಳಿದರು: "ಸರ, ಬೆಟ್ಟದಾಗ ಎರಡು ಬಂದೂಕು ಇರಬಾರದು."

ಯಾಕೆ ಎಂದು ಕೇಳಿದ್ದಕ್ಕೆ ಆ ಓಕ್ ಮರದ ಕೆಳಗೆ ಕೂತು ಕಥೆ ಹೇಳಿದರು. 1951, ಅವರಿಗೆ ಹತ್ತೊಂಬತ್ತು. ಜೋಳದ ಹೊಲಕ್ಕೆ ಹಂದಿ ನುಗ್ಗುತ್ತಿತ್ತು. ಸಂಜೆ ಮಬ್ಬಿನಲ್ಲಿ ಮೂವರು ಹೋದರು: ದಾನಪ್ಪ, ಅಣ್ಣ ಯಂಕಪ್ಪ, ಅಪ್ಪನ ತಮ್ಮ ಕಾಕಾ. ಇದ್ದದ್ದು ಎರಡು ಕೇಪಿನ ಬಂದೂಕು. ನಳಿಗೆಯ ಬಾಯಿಯಿಂದಲೇ ಮದ್ದು, ಮೇಲೆ ಬಟ್ಟೆಯ ಚೂರು, ಅದರ ಮೇಲೆ ಗುಂಡು ಹಾಕಿ, ಗಜವೆನ್ನುವ ಉದ್ದನೆಯ ಸರಳಿನಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಇಟ್ಟು ಹೊಡೆಯುವಂಥವು. ಅಂದು ಬಟ್ಟೆಯ ಚೂರು ಸಾಲದೆ ಯಂಕಪ್ಪನೇ ತನ್ನ ರುಮಾಲಿನ ಹಸಿರು ಅಂಚನ್ನು ಹರಿದು ಇಬ್ಬರಿಗೂ ಕೊಟ್ಟ. ಆಮೇಲೆ ಹಂದಿಯನ್ನು ಎಬ್ಬಿಸಲು ಬರಿಗೈಯಲ್ಲಿ ಹೊಲದ ಆಚೆ ಬದಿಗೆ ಹೋದ. ಜೋಳ ಅಲುಗಿತು. ದಾನಪ್ಪ, ಕಾಕಾ ಇಬ್ಬರೂ ಒಂದೇ ಕ್ಷಣಕ್ಕೆ ಬಂದೂಕಿನ ಕುದುರೆ ಎಳೆದರು. ಒಂದೇ ಸದ್ದಾಯಿತು. ಬಿದ್ದದ್ದು ಯಂಕಪ್ಪ.

ಮೈಯಲ್ಲಿ ಹೊಕ್ಕದ್ದು ಒಂದೇ ಗುಂಡು. ಇನ್ನೊಂದು ಹೊಲದಲ್ಲಿ ಎಲ್ಲೋ ಹೋಯಿತು ಎಂದುಕೊಂಡರು. ಮೂರನೆಯ ದಿನ ಬಂದ ಪೊಲೀಸರು ಇಬ್ಬರೂ ಹೊಡೆದದ್ದು, ಕೈತಪ್ಪಿ ಆದದ್ದು ಎಂದು ಬರೆದುಕೊಂಡು ಹೋದರು. ಅಂದು ಕಾಕಾ ಹೇಳಿದ ಮಾತನ್ನು ದಾನಪ್ಪನವರು ಹಾಗೇ ಹೇಳಿದರು: "ನಿಂದೂ ಇರಬಹುದು, ನಂದೂ ಇರಬಹುದು. ಅರ್ಧ ನನಗಿರ್ಲಿ." ಆ ಮೇಲೆ ಕಾಕಾ ಬಂದೂಕು ಮುಟ್ಟಲಿಲ್ಲ. ಯಂಕಪ್ಪನನ್ನು ಹೆತ್ತ ಅತ್ತಿಗೆ ತಾನು ಬದುಕಿರುವಷ್ಟು ಕಾಲ ಕಾಕಾನಿಗೆ ನೀರು ಕೊಡಲಿಲ್ಲ. ದಾನಪ್ಪ ಹುಬ್ಬಳ್ಳಿಗೆ ಓದಲು ಹೋಗಿಬಿಟ್ಟರು.

ಹದಿನೇಳು ವರ್ಷ ಅವರೂ ಬಂದೂಕು ಹಿಡಿಯಲಿಲ್ಲವಂತೆ. ಇಲ್ಲಿ ಯಾರೋ ಜೊತೆಯವರು ಕರೆದರೆಂದು ಬೆಟ್ಟಕ್ಕೆ ಬಂದಾಗ ಬೆನ್ನ ಹಿಂದೆ ಯಂಕಪ್ಪನ ಹೆಜ್ಜೆ ಕೇಳಿಸಿತು. ಬರಿಗೈಯಲ್ಲಿ ಬಂದರೆ ಕೇಳಿಸುವುದಿಲ್ಲ, ಬಂದೂಕು ಇದ್ದರೆ ಮಾತ್ರ ಬರುತ್ತಾನೆ. ಮೂರನೆಯ ರೊಟ್ಟಿ ಅವನಿಗೆ. ಏಳು ವರ್ಷ ನಾನು ನಡೆದದ್ದು ದಾನಪ್ಪನವರ ಬೆನ್ನ ಹಿಂದೆಯೇ.

"ಒಂದಽ ಬಂದೂಕು ಇದ್ರ ಯಾರ ಗುಂಡು ಅಂತ ಖಾತ್ರಿ ಇರತದ, ಸರ," ಎಂದರು. ಲಾಸ್ ಏಂಜಲೀಸಿನ ಅಂಗಡಿಯಿಂದ ಬದಲಿ ನಳಿಗೆಯನ್ನೇ ತಂದರು. ನಾನು ಮತ್ತೆ ವಾದಿಸಲಿಲ್ಲ.

ಮರುವರ್ಷ ಕಾಕಾ ತೀರಿಕೊಂಡ ಸುದ್ದಿ ಬಂತು. ದಾನಪ್ಪನವರಿಗೆ ರಜೆ ಸಿಗಲಿಲ್ಲ, ಮಲ್ಲವ್ವ ಒಬ್ಬರೇ ಊರಿಗೆ ಹೋದರು. ಕಾಕಾನ ಮನೆಯಲ್ಲಿ ಬಂದೂಕಿನ ಮರವನ್ನೆಲ್ಲ ಗೆದ್ದಲು ತಿಂದು ನಳಿಗೆಯೊಂದೇ ಉಳಿದಿತ್ತು. ಮನೆಯಲ್ಲಿ ಒಂದು ವರ್ಷದಿಂದ ಬದಲಿ ನಳಿಗೆಯ ಮಾತನ್ನೇ ಕೇಳಿ ಕೇಳಿ ಮಲ್ಲವ್ವನಿಗೆ ಗಂಡ ನಳಿಗೆ ಕೂಡಿಡುತ್ತಾನೆ ಎನ್ನಿಸಿಬಿಟ್ಟಿತ್ತು. ತಮ್ಮ ಗಂಡ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎಂದು ಕಾಕಾನ ಹೆಂಡತಿ ಕೊಡಲು ಅನುಮಾನಿಸಿದರೂ, ಮಲ್ಲವ್ವ ಬಿಡದೆ ಕೌದಿಯಲ್ಲಿ ಸುತ್ತಿ ಹೋಲ್ಡಾಲಿನಲ್ಲಿ ಕಟ್ಟಿ ತಂದರು. ಕಸ್ಟಮ್ಸಿನವನು ಇದು ಕರ್ಟನ್ ಕಂಬಿಯೇ ಎಂದು ಕೇಳಿದನಂತೆ. ಹೂಂ ಎಂದರಂತೆ. ಪ್ರೀತಿಯಿಂದಲೇ ತಂದದ್ದು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆಯುಧಪೂಜೆಗೆ ನಾನು, ವಿನೋದಾ ಕಲ್ವರ್ ಸಿಟಿಗೆ ಹೋಗಿದ್ದೆವು. ಗ್ಯಾರೇಜಿನಲ್ಲಿ ಕಾರು ತೊಳೆದು ನಿಲ್ಲಿಸಿತ್ತು. ಹಲಗೆಯ ಮೇಲೆ ವರ್ನಿಯರ್, ಸುತ್ತಿಗೆ, ರೈಫಲ್, ಬದಲಿ ನಳಿಗೆ, ಕೊನೆಗೆ ಕಾಕಾನ ನಳಿಗೆ. ಜಂಗು, ಅಂದರೆ ತುಕ್ಕು, ಹಿಡಿದದ್ದಕ್ಕೆ ಕುಂಕುಮ ಇಡುವುದು ಹೇಗೆ? ಉಜ್ಜಲು ದಾನಪ್ಪನವರು ಕೂತರು. ಯಾವ ಬಂದೂಕನ್ನೇ ಆಗಲಿ ಮೊದಲು ಗಜ ಹಾಕಿ ನೋಡುವುದು ಅವರ ಮನೆತನದ ರೂಢಿ. ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಹೆಬ್ಬೆರಳು ಗುರುತಿಟ್ಟು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯುವುದು. ಖಾಲಿ ಇದ್ದರೆ ಗಜದ ತುದಿ ನಳಿಗೆಯ ಬುಡಕ್ಕೆ ಸಮ ಬರುತ್ತದೆ.

ನಾಲ್ಕು ಬೆರಳು ಕಡಿಮೆ ಬಂತು.

ಅವರು ಮತ್ತೊಮ್ಮೆ ಹಾಕಿದರು. ಮತ್ತೆ ನಾಲ್ಕು ಬೆರಳು. ನಾನು ಗ್ಯಾರೇಜಿನ ಬಾಗಿಲು ಮುಂದೆ ಮಾಡಿದೆ. ಕಾಕಾ ಆಮೇಲೆ ಎಂದಾದರೂ ತುಂಬಿಟ್ಟಿರಬಹುದು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ನಳಿಗೆಗೆ ಎಣ್ಣೆ ಸುರಿದು, ನೆನೆಯಲು ಬಿಟ್ಟು, ವೈಸಿಗೆ ಕಚ್ಚಿಸಿ ಬುಡದ ತಿರುಪು ಬಿಚ್ಚಿದರು. ಕಪ್ಪು ಗಟ್ಟಿಯಾದ ಮದ್ದು ಉದುರಿತು. ಹಿಂದೆಯೇ ಬಟ್ಟೆಯ ಚೂರು ಬಂತು, ಎಣ್ಣೆಯಲ್ಲಿ ಒದ್ದೆಯಾದರೂ ಹಸಿರು ತಿಳಿಯುತ್ತಿತ್ತು. ಕೊನೆಗೆ ಗುಂಡು ಹಲಗೆಯ ಮೇಲೆ ಉರುಳಿತು.

ಅಂದು ಕಾಕಾನ ಬಂದೂಕು ಹಾರಿಯೇ ಇರಲಿಲ್ಲ. ಕೇಪು ಸಿಡಿದು ಮದ್ದು ಹತ್ತಿಲ್ಲ. ಅದು ಕಾಕಾನಿಗೆ ಆ ಕ್ಷಣವೇ ಗೊತ್ತು.

ದಾನಪ್ಪನವರು ಚೂರನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಬಿಡಿಸಿದರು. "ಇಪ್ಪತ್ನಾಕು ವರ್ಷ ನನ್ನ ಅರ್ಧ ಹೊತ್ತಾನ, ಸರ. ಅವನದಂತ ಏನೂ ಇರಲಿಲ್ಲ," ಎಂದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು. ಅಷ್ಟರಲ್ಲಿ ಮಲ್ಲವ್ವ ಕುಂಕುಮದ ಬಟ್ಟಲು ಹಿಡಿದು ಬಂದು, ಹಲಗೆಯ ಮೇಲಿನ ಕಪ್ಪು ಏನು ಎಂದು ಕೇಳಿದರು. ಜಂಗು ಎಂದು ದಾನಪ್ಪನವರು ಹೇಳಿ, ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆ ತಾಯಿಗೆ ಕೊನೆಯವರೆಗೂ ತಿಳಿಯಲಿಲ್ಲ, ನಾನೂ ಹೇಳಿಲ್ಲ.

ಇನ್ನು ಬೇಟೆ ಮುಗಿಯಿತು ಎಂದುಕೊಂಡಿದ್ದೆ. ಎರಡು ವಾರಕ್ಕೆ ಅವರು ನಮ್ಮ ಮನೆಗೆ ಬಂದರು. ಕಾರಿನಲ್ಲಿ ಹೊಸದೊಂದು ರೈಫಲ್ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು ಲೈಸೆನ್ಸಿಗೆ ಅಪ್ಲೈ ಮಾಡಲು ಹೇಳಿದರು. ಎರಡು ಬಂದೂಕು ಇರಬಾರದು ಎಂದವರು ನೀವೇ ಅಲ್ಲವೇ ಎಂದೆ.

"ಒಂದಽ ಬಂದೂಕು ತಗೊಂಡು ಬೆಟ್ಟಕ್ಕ ಹೋಗೂದು ಇನ್ನ ನನಗ ಆಗಂಗಿಲ್ಲ, ಸರ," ಎಂದರು.

ಮರುದಿನ ಮಧ್ಯಾಹ್ನ ಬೆಟ್ಟದಲ್ಲಿ ಟವೆಲ್ಲಿನ ಮೇಲೆ ರೊಟ್ಟಿ ನಾಲ್ಕು ಕಡೆ ಇತ್ತು.

ಅವರು ಕೊಟ್ಟ ಗುಂಡುಗಳನ್ನು ನಾನು ಕೋಟಿನ ಜೇಬಿಗೆ ಹಾಕಿಕೊಂಡೆ, ರೈಫಲ್ಲಿಗೆ ಎಂದೂ ಹಾಕಲಿಲ್ಲ. ಮೊದಲ ವರ್ಷ ಹೆದರಿಕೆಯಿಂದ, ಆಮೇಲೆ ತಿಳಿದೇ. 1977ರಲ್ಲಿ ಒಂದು ಜಿಂಕೆ ಪೊದೆಯಿಂದ ಎದ್ದಾಗ ಅವರು ಹೊಡೆದರು. ಅದು ಬಿದ್ದ ಕಡೆ ಹೋಗದೆ ನಿಂತಲ್ಲೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಇಬ್ಬರೂ ಹೊಡದ್ವೇನ್ರಿ, ಸರ?"

ಇಡೀ ಬೆಟ್ಟದಲ್ಲಿ ಆದದ್ದು ಒಂದೇ ಸದ್ದು. "ಹೂಂ ದಾನಪ್ಪನವರೇ, ಇಬ್ಬರೂ ಹೊಡೆದ್ವಿ," ಎಂದೆ. ಹುಟ್ಟಿದಾಗಿನಿಂದ ಇರುವೆ ತುಳಿಯದಂತೆ ನಡೆದವನು ಒಂದು ಜಿಂಕೆಯ ಅರ್ಧ ಜೀವವನ್ನು ತಲೆಯ ಮೇಲೆ ಹಾಕಿಕೊಂಡೆ. ಬೇಜಾರಿಲ್ಲ.

1982ರ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ಹೋದರು. ಅದಕ್ಕೆ ಮುಂಚಿನ ಏಳು ಅಕ್ಟೋಬರಿನಲ್ಲೂ ಬೆಟ್ಟದಿಂದ ಬಂದ ಸಂಜೆ ನಮ್ಮ ಗ್ಯಾರೇಜಿನಲ್ಲಿ ಕೂತು ತಮ್ಮ ರೈಫಲ್ಲಿಗೆ ಗಜ ಹಾಕಿ, ಬೆಳಕಿಗೆ ಹಿಡಿದು, ಕನ್ನಡಿಯಾಗುವವರೆಗೆ ಉಜ್ಜುತ್ತಿದ್ದರು. ನನ್ನದು ಪಕ್ಕದಲ್ಲೇ ಗೋಡೆಗೆ ಒರಗಿರುತ್ತಿತ್ತು. ಗಜ ಹಾಕಿ ನೋಡದೆ ಯಾವ ಬಂದೂಕನ್ನೂ ಮನೆಯೊಳಗೆ ಬಿಡದ ಆ ಮನುಷ್ಯ ಅದರ ಮೇಲಿನ ಧೂಳು ಒರೆಸಿ ಹಾಗೇ ಇಟ್ಟುಬಿಡುತ್ತಿದ್ದರು, ಒಳಗೆ ಮಾತ್ರ ಒಮ್ಮೆಯೂ ನೋಡಲಿಲ್ಲ.