ಕತ್ತರಿ ಅಕ್ಕನ ಬಳಿ ಉಳಿದ ನಕಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ, ಹಾಗಾಗಿ ಕತ್ತರಿ ಅಕ್ಕ. ಗಂಡನೂ ಒಮ್ಮೆ ಬಾಯಿತಪ್ಪಿ ಹಾಗೆಯೇ ಕರೆದು, ಕಟ್ಟಿಕೊಂಡವಳನ್ನು ಅಕ್ಕ ಅನ್ನುವುದುಂಟೇ ಎಂದು ಮೂರು ದಿನ ಬೈಸಿಕೊಂಡಿದ್ದ.

ಅವಳ ಅಂಗಡಿಯ ಇಸ್ತ್ರಿ ಮೇಜಿನ ಕೆಳಗೆ ಹಳೆಯ ಕಂಪ್ಯೂಟರೊಂದು ಗುಂಯ್‌ಗುಡುತ್ತಿತ್ತು. ಅದು ಹೊಲಿಗೆಯವರ ಸರ್ವರ್. ಮುನ್ನೂರು ಚಿಲ್ಲರೆ ಹೆಂಗಸರು ಫೋನಿನಿಂದಲೇ ಅದರಲ್ಲಿ ತೋಳಿನ ಅಳತೆ, ಕೈಕೊಟ್ಟ ಮೋಟಾರು, ಕಾಟ ಕೊಡುವ ಗಿರಾಕಿ ಎಲ್ಲವನ್ನೂ ಬರೆದು ಹಗುರಾಗುತ್ತಿದ್ದರು. ಯಾವ ದೊಡ್ಡ ಕಂಪನಿಯದೂ ಅಲ್ಲ, ತಮ್ಮದೇ. ದಾಖಲೆಯಲ್ಲಿ ಮಾತ್ರ ಅವಳ ಹೆಸರು.

ಅದನ್ನು ಕಟ್ಟಿಕೊಟ್ಟವನು ಮೈದುನ. ಕಂಪ್ಯೂಟರ್ ರಿಪೇರಿ ಅಂಗಡಿಯವನು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಎಂಟು ವರ್ಷ, ತಾಯಿ ಇರಲಿಲ್ಲ. ಶಾಲೆಯ ಚಡ್ಡಿಯಿಂದ ಮದುವೆಯ ಕೋಟಿನವರೆಗೆ ಅವನ ಮೈಮೇಲೆ ಬಿದ್ದದ್ದೆಲ್ಲ ಅವಳ ಹೊಲಿಗೆಯೇ. ಅವನದೂ ಒಂದು ಸರ್ವರ್ ಇತ್ತು, ಇಡೀ ಊರಿಗೆ. ಎರಡೂ ಒಂದಕ್ಕೊಂದು ಜೋಡಿಸಿದ್ದವು. ಅಲ್ಲಿಯ ಮಾತನ್ನು ಇಲ್ಲಿಯವರು ಹಂಚಿಕೊಂಡರೆ ಅದರ ನಕಲು ಇಲ್ಲಿ ಬಂದು ಕೂರುತ್ತಿತ್ತು. ಅಲ್ಲಿ ಮೂಲವನ್ನು ಅಳಿಸಿದರೆ ಇಲ್ಲಿಯ ನಕಲೂ ತಾನಾಗಿಯೇ ಹೋಗುತ್ತಿತ್ತು.

ಅವನು ಅವಳಿಗೆ ಕಲಿಸಿದ ಕಟ್ಟಳೆ ಒಂದೇ. "ಯಾರಾದ್ರೂ ದೂರು ಕೊಟ್ರೆ ಅಳಿಸ್ಬೇಡಿ ಅತ್ತಿಗೆ. ಮರೆ ಮಾಡಿಡಿ, ನನಗೆ ಹೇಳಿ. ನಾಳೆ ಸಾಕ್ಷಿ ಬೇಕಾಗತ್ತೆ." ಅವಳು ದಿನಾ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ದೂರುಗಳನ್ನು ಓದಿ ಮುಗಿಸುತ್ತಿದ್ದಳು. ಒಬ್ಬಳು ಹೊಲಿದ ಜೇಬು ಸೊಟ್ಟಗಿದೆ ಅಂದದ್ದಕ್ಕೆ ಇಬ್ಬರು ಹೆಂಗಸರು ವಾರವಿಡೀ ಕಚ್ಚಾಡಿದಾಗ, ಚಿತ್ರ ತರಿಸಿ, ಗೆರೆ ಎಳೆದು, ಜೇಬು ನಿಜಕ್ಕೂ ಸೊಟ್ಟಗಿದೆ ಎಂದು ತೀರ್ಪು ಕೊಟ್ಟವಳು ಅವಳು.

ಒಂದು ದಿನ ಮೈದುನನ ಸರ್ವರಿನಲ್ಲಿ ಯಾರೋ ಬರೆದರು: ಶಾಲೆಗಳಿಗೆ ಸಮವಸ್ತ್ರ ಒದಗಿಸುವ ದೊಡ್ಡ ವ್ಯಾಪಾರಿಯ ಬಟ್ಟೆ ಬಣ್ಣ ಬಿಡುತ್ತದೆ, ಮಕ್ಕಳ ಮೈ ಕೆರೆಯುತ್ತದೆ. ಹೊಲಿಗೆಯವರಲ್ಲಿ ಹನ್ನೊಂದು ಜನ ಅದನ್ನು ಹಂಚಿಕೊಂಡರು. ಹನ್ನೊಂದು ಜನರೂ ಅದೇ ವ್ಯಾಪಾರಿಯ ಸಮವಸ್ತ್ರ ಹೊಲಿಯುವವರು, ಅವರ ಕೈಬೆರಳಿಗೂ ಆ ಬಣ್ಣ ಮೆತ್ತಿತ್ತು. ದೂರು ಬಂತು. ಕತ್ತರಿ ಅಕ್ಕ ಕಟ್ಟಳೆಯಂತೆ ಮರೆಮಾಡಿಟ್ಟು ಮೈದುನನಿಗೆ ಹೇಳಿದಳು. "ಇರಲಿ, ನಾನ್ ನೋಡ್ಕೋತೀನಿ," ಅಂದ.

ಹದಿನೈದು ದಿನಕ್ಕೆ ವ್ಯಾಪಾರಿಯ ವಕೀಲರ ನೋಟಿಸು ಬಂದದ್ದು ಅವಳ ಹೆಸರಿಗೆ. ಹಂಚಿಕೊಂಡವರ ಹೆಸರು ಕೊಡಿ, ಇಲ್ಲವೇ ಸುಳ್ಳು ಸುದ್ದಿ ಹಬ್ಬಿಸಿದವಳು ನಾನೇ ಎಂದು ಕ್ಷಮಾಪಣೆ ಬರೆದುಕೊಡಿ. ಅವಳು ನೋಟಿಸು ಹಿಡಿದುಕೊಂಡು ನೇರ ವಕೀಲರ ಕಚೇರಿಗೇ ಹೋದಳು.

"ಇದು ಹುಟ್ಟಿದ್ದು ನಮ್ಮಲ್ಲಿ ಅಲ್ಲ ಸರ್. ಮೂಲ ಬೇರೆ ಕಡೆ ಇದೆ."

"ಅಲ್ಲೇನೂ ಇಲ್ಲಮ್ಮ," ಎಂದ ವಕೀಲ, ಒಂದು ಕಾಗದ ಮುಂದೆ ತಳ್ಳಿ. "ನಕಲು ನಿಮ್ಮಲ್ಲಿದೆ ಅಂತ ಅವರೇ ಬರ್ಕೊಟ್ಟಿದ್ದಾರೆ."

ಕೆಳಗೆ ಮೈದುನನ ಸಹಿ. ಅವಳು ಕಾಗದವನ್ನು ಎರಡು ಸಲ ಓದಿದಳು. ಆದರೂ, ಹೆದರಿಕೊಂಡು ಬರೆದಿರಬೇಕು ಪಾಪ ಎಂದೇ ದಾರಿಯುದ್ದಕ್ಕೂ ಅವನ ಪರವಾಗಿ ತನ್ನೊಂದಿಗೆ ತಾನೇ ವಾದಿಸಿದಳು.

ಅಂಗಡಿಗೆ ಬಂದು, ನಡೆದದ್ದನ್ನೆಲ್ಲ ಹೊತ್ತಿನ ಸಮೇತ ಯಂತ್ರ ತಾನೇ ಬರೆದಿಡುವ ಸರ್ವರಿನ ದಿನಚರಿ ತೆಗೆದಳು. ಮಂಗಳವಾರ ಹನ್ನೊಂದು ಗಂಟೆಗೆ ಅವನ ಸರ್ವರು ಅವಳದರಿಂದ ಸಂಪರ್ಕ ಕಡಿದುಕೊಂಡಿತ್ತು. ಅವನು ಮೂಲವನ್ನು ಅಳಿಸಿದ್ದು ಹನ್ನೊಂದೂ ಇಪ್ಪತ್ತಕ್ಕೆ, ವಕೀಲರಿಗೆ ಕೊಟ್ಟ ಕಾಗದದಲ್ಲಿ ಅವನೇ ಬರೆದಿದ್ದ ಹೊತ್ತು. ಮೊದಲು ಅಳಿಸಿದ್ದರೆ ಅವಳ ನಕಲೂ ಹೋಗುತ್ತಿತ್ತು. ಬೇಕೆಂದೇ ದಾರಿ ಮುಚ್ಚಿ, ಆಮೇಲೆ ಅಳಿಸಿದ್ದ. ಅವಳು ಅಂಗಡಿಗೆ ಬೀಗ ಹಾಕಿ ಅವನಲ್ಲಿಗೆ ಹೊರಟಳು.

ಅವನ ಅಂಗಡಿಯಲ್ಲಿ ಬಿಚ್ಚಿದ ಯಂತ್ರಗಳ ನಡುವೆ ನಿಂತು ಕೇಳಿದಳು. "ಮೊದಲು ದಾರಿ ಯಾಕೆ ಮುಚ್ಚಿದೆ?"

ಅವನು ತಲೆ ಎತ್ತಲಿಲ್ಲ. "ಆ ಸಮವಸ್ತ್ರದವರ ಕಂಪ್ಯೂಟರೆಲ್ಲ ನಾನೇ ನೋಡ್ಕೊಳ್ಳೋದು ಅತ್ತಿಗೆ. ಮೂಲ ನನ್ನಲ್ಲೇ ಇದೆ ಅಂದ್ರೆ ನನ್ನ ಅಂಗಡಿ ಮುಚ್ಚಿಸ್ತಾರೆ. ಅವರಿಗೂ ಯಾರಾದ್ರೂ ಒಬ್ರು ಬೇಕಿತ್ತು. ನೀವು ಹೆಂಗಸು, ಸಣ್ಣ ಅಂಗಡಿ. ಒಂದು ಕ್ಷಮಾಪಣೆಗೆ ಬಿಟ್ಬಿಡ್ತಾರೆ ಅನ್ಕೊಂಡೆ."

"ನನ್ನ ಕೇಳ್ಬಹುದಿತ್ತಲ್ಲೋ. ಕೇಳಿದ್ರೆ ನಾನೇ ಹೊತ್ಕೋತಿದ್ದೆ." ಅವಳಿಗೆ ಅಳು ಬಂತು, ಅವನೆದುರು ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಬೇರೆ ಯಾರೋ ಆಗಿದ್ದರೆ ಬೈದು ಮರೆಯಬಹುದಿತ್ತು. ಇವನು ನಂಬಿಸಿ ಕತ್ತು ಕೊಯ್ದಿದ್ದ.

ಗಂಡ ಕೆಂಡವಾದ. "ಆ ದಿನಚರಿ ಒಯ್ದು ವಕೀಲರ ಮುಖಕ್ಕೆ ಹಿಡಿ. ತಮ್ಮ ಅಂತ ನಾನು ಅಡ್ಡ ಬರಲ್ಲ."

ಅವಳೂ ಅದಕ್ಕೇ ಕೂತಿದ್ದಳು. ಆದರೆ ಆ ದಿನಚರಿಯನ್ನು ಮೇಲಿನಿಂದ ಕೆಳಗೆ ಓದಿದಾಗ ಗೊತ್ತಾಯಿತು: ಮೈದುನ ದಾರಿ ಮುಚ್ಚಿದ ಸಾಲಿನ ಮೇಲೂ ಕೆಳಗೂ, ಯಾರು ಯಾವಾಗ ಹಂಚಿಕೊಂಡರು ಎಂಬುದೇ ಇತ್ತು. ತುಂಡು ಕತ್ತರಿಸಿ ಕೊಟ್ಟರೆ ಉಳಿದದ್ದೆಲ್ಲಿ ಎಂದು ಕೇಳದೆ ಬಿಡುವ ವಕೀಲನಲ್ಲ ಅವನು. ಹೆಸರು ಸಿಕ್ಕ ಮರುದಿನವೇ ಹನ್ನೊಂದು ಮನೆಗಳ ಹೊಲಿಗೆ ಯಂತ್ರಗಳು ಕೆಲಸವಿಲ್ಲದೆ ಸುಮ್ಮನಾಗುತ್ತಿದ್ದವು.

ಅವಳು ಸರ್ವರನ್ನು ಪೂರ್ತಿ ಅಳಿಸಿದಳು. ನಕಲು, ಹೆಸರುಗಳು, ಸೊಟ್ಟ ಜೇಬಿನ ಜಗಳ, ಮೈದುನನ ಹನ್ನೊಂದು ಗಂಟೆ, ಎಲ್ಲವೂ ಹೋಯಿತು. ಆಮೇಲೆ ಕ್ಷಮಾಪಣೆಗೆ ಸಹಿ ಹಾಕಿದಳು. ಅದು ಪತ್ರಿಕೆಯಲ್ಲಿ ಅಚ್ಚಾಯಿತು.

ಮರುವಾರ ಹನ್ನೊಂದು ಜನರಲ್ಲಿ ಒಬ್ಬಳು ಅಂಗಡಿಗೆ ಬಂದಳು. ಆಗಲೇ ಮೈದುನನೂ ಬಂದು ಬಾಗಿಲಲ್ಲಿ ನಿಂತಿದ್ದ.

"ನಿಮ್ಮನ್ನ ನಂಬಿದ್ವಿ ಅಕ್ಕಾ," ಎಂದಳು ಆಕೆ. "ಬಣ್ಣ ಬಿಡೋದು ನಿಜ ಅಂತ ಗೊತ್ತಿದ್ದೂ ಸುಳ್ಳು ಅಂತ ಬರ್ಕೊಟ್ರಲ್ಲ. ನಮ್ಮ ಜಾಗಾನೂ ಅಳಿಸ್ಬಿಟ್ರಿ. ಈ ಅಣ್ಣಾನೇ ವಾಸಿ, ಅವರ ಸರ್ವರಲ್ಲಿ ನಮಗೆಲ್ಲ ಜಾಗ ಕೊಟ್ಟಿದ್ದಾರೆ."

ಮೈದುನ ನೆಲ ನೋಡಿದ. ನಡೆದದ್ದನ್ನು ಅವನೇ ಹೇಳಲಿ ಎಂದು ಕತ್ತರಿ ಅಕ್ಕ ಕಾದಳು. ಅವನು ಬಾಯಿ ಬಿಡಲಿಲ್ಲ.